ಸುಟ್ಟ ಕಾಡಲ್ಲಿ ಹಕ್ಕಿ ಎಣಿಕೆ: ಜಾಸ್ತಿ ಕಂಡರೆ ಜಾಸ್ತಿ ಇವೆ ಅಂತಲೇ?

ಮುತ್ತುಗದ_ಹೂ: ಬಂಡೀಪುರದಂಥ ಎಲೆ ಉದುರುವ ಕಾಡು. ಫೆಬ್ರವರಿ ಕೊನೆಯಲ್ಲಿ ನೆಲಬೆಂಕಿ ಹಾದುಹೋದ ಕಡೆ ಕಾಜಾಣ, ನೀಲಕಂಠ, ಕಳ್ಳಿಪೀರ ಸುಡದ ಕಡೆಗಿಂತ ಹೆಚ್ಚು ಕಾಣುತ್ತಿವೆ. ‘ಬೆಂಕಿ ಬಿದ್ದರೆ ಹಕ್ಕಿಗೆ ಒಳ್ಳೆಯದೇ’ ಅನ್ನುವವರೂ ಇದ್ದಾರೆ. ಇಲಾಖೆಯ ಅನುಮತಿ ಸಿಕ್ಕಿದೆ. ಎರಡೂ ಕಡೆ ಎಣಿಸಿ ಹೋಲಿಸಬೇಕು. ಹೇಗೆ ಎಣಿಸಿದರೆ ಆ ಲೆಕ್ಕ ನಂಬುವಂತಿರುತ್ತದೆ?

ಮತ್ತಿಮರ: ನೀವು ಹೆಸರಿಸಿದ ಮೂರೂ ಕೀಟ ಹಿಡಿಯುವ ಹಕ್ಕಿಗಳು. ಉರಿಯ ಮುಂದೆ ಮಿಡತೆ, ಜಿರಲೆ ಜಾತಿಯವು ಎದ್ದು ಹಾರುತ್ತವೆ. ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ. ಬೆಂಕಿ ಆರಿದ ಮೇಲೆ ಬೋಳು ನೆಲದ ಮೇಲೆ ಅಳಿದುಳಿದ ಹುಳು ಎದ್ದು ಕಾಣುವುದರಿಂದ ನೀಲಕಂಠ ಒಣಕೊಂಬೆಯಿಂದ ನೆಲಕ್ಕೆ ಇಳಿಯುತ್ತದೆ. ಇದು ಕೆಲವೇ ದಿನಗಳ ಹಬ್ಬ. ಆ ಹುಳುವೆಲ್ಲ ತೀರಿದರೆ ಮುಂದಿನ ಮಳೆಗೆ ಹುಲ್ಲು ಚಿಗುರುವವರೆಗೆ ಅಲ್ಲಿ ತಿನ್ನಲು ಹೆಚ್ಚೇನೂ ಇರುವುದಿಲ್ಲ. ಹರಟೆಮಲ್ಲ, ಕಾಡುಕೋಳಿ ನೋಡಿ: ತರಗೆಲೆ ಕೆದಕಿ ತಿನ್ನುವ ಇವು ಸುಟ್ಟ ಜಾಗವನ್ನು ಕೂಡಲೇ ಬಿಡುತ್ತವೆ.

ಎಣಿಕೆಗಾರ: ದೊಡ್ಡ ಮೋಸ ನೋಟದ್ದು. ಲಂಟಾನ ಪೊದೆ ತುಂಬಿದ ಕಡೆ 15 ಮೀಟರಿನಾಚೆ ಏನೂ ಕಾಣದು. ಸುಟ್ಟ ಕಡೆ 60 ಮೀಟರಿನ ಹಕ್ಕಿಯೂ ಕಾಣುತ್ತದೆ. ಅದೇ ಸಂಖ್ಯೆಯ ಹಕ್ಕಿ ಇದ್ದರೂ ಸುಟ್ಟ ಕಡೆಯ ಲೆಕ್ಕ ಏರುತ್ತದೆ. ಆದ್ದರಿಂದ ಪ್ರತಿ ಹಕ್ಕಿಯ ದೂರ ಬರೆದುಕೊಳ್ಳಿ: 0–10, 10–20, 20–30, 30–50 ಮೀಟರ್. ಕಣ್ಣಳತೆ ನೆಚ್ಚಬೇಡಿ, ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಬಳಸಿ. ಕಂಡದ್ದೋ ಕೇಳಿದ್ದೋ ಬೇರೆಬೇರೆ ಗುರುತಿಸಿ. ದೂರ ಹೆಚ್ಚಿದಂತೆ ಎಷ್ಟು ತಪ್ಪಿಹೋಗುತ್ತವೆ ಎಂಬುದನ್ನು ಸುಟ್ಟ ಕಡೆಗೂ ಸುಡದ ಕಡೆಗೂ ಪ್ರತ್ಯೇಕವಾಗಿ ಲೆಕ್ಕ ಹಾಕಿದ ಮೇಲೆಯೇ ಹೋಲಿಸಿ.

ನಿಂತು ಎಣಿಸುವ ಜಾಗಗಳ, ಅಂದರೆ ಬಿಂದುಗಳ, ನಡುವೆ 250 ಮೀಟರ್ ಬಿಡಿ. ತಲುಪಿ ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ 10 ನಿಮಿಷ ಎಣಿಸಿ. ಸೂರ್ಯ ಹುಟ್ಟಿದ ಮೂರು ಗಂಟೆಯೊಳಗೆ ಮುಗಿಸಿ, ಒಂದೇ ಬೆಳಿಗ್ಗೆ ಎರಡೂ ಕಡೆ ಹಂಚಿಕೊಳ್ಳಿ. ಒಂದೇ ಬೆಂಕಿಯ ಒಳಗೆ 30 ಬಿಂದು ಇಟ್ಟರೂ ಅದು ಒಂದೇ ಬೆಂಕಿ. ಬೇರೆಬೇರೆ ಸುಟ್ಟ ತುಂಡುಗಳು ಬೇಕು. ಸುಡದ ಬಿಂದುವೂ ಅದೇ ಇಳಿಜಾರು, ಅದೇ ಮರಗಳ ಕಾಡಿನಲ್ಲಿರಲಿ.

ಏಪ್ರಿಲ್‌ನಲ್ಲಿ ಉಲಿಯಕ್ಕಿಗಳು ಉತ್ತರಕ್ಕೆ ವಲಸೆ ಹೊರಡುತ್ತವೆ. ಆ ಇಳಿಕೆಯನ್ನು ಬೆಂಕಿಯ ತಲೆಗೆ ಕಟ್ಟಬೇಡಿ. ಸುಡದ ಕಡೆಯೂ ಎಣಿಸಿದ್ದರೆ ಅದು ತಾನೇ ತಿಳಿಯುತ್ತದೆ.

ಪೊಟರೆ: ಎಣಿಕೆಯ ಜೊತೆ ಗೂಡನ್ನೂ ನೋಡಿ, ನನಗೆ ಅದೇ ಮುಖ್ಯ. ಬೆಂಕಿಯ ತಿಂಗಳುಗಳೇ ಬಹಳ ಹಕ್ಕಿಗಳ ಗೂಡಿನ ತಿಂಗಳುಗಳು. ಕಾಡುಕೋಳಿ ನೆಲದಲ್ಲಿ ಮೊಟ್ಟೆ ಇಟ್ಟು ಮೂರು ವಾರ ಕಾವು ಕೂರುತ್ತದೆ. ಗಿಳಿ, ಕುಟ್ರ, ಮರಕುಟಿಗ ಪೊಟರೆಯಲ್ಲಿ. ಬುಡ ಟೊಳ್ಳಾದ ಒಣಮರಕ್ಕೆ ಕಿಡಿ ಹೊಕ್ಕರೆ ಒಳಗೇ ಹೊಗೆಗೂಡಿನಂತೆ ದಿನಗಟ್ಟಲೆ ಉರಿದು ಬೀಳುತ್ತದೆ. ಎದೆಮಟ್ಟದಲ್ಲಿ 20 ಸೆಂಟಿಮೀಟರಿಗಿಂತ ದಪ್ಪವಿರುವ ಒಣಮರಗಳನ್ನೆಲ್ಲ ಪ್ರತಿ ಬಿಂದುವಿನ ಸುತ್ತ ಎಣಿಸಿ: ನಿಂತವು, ಬಿದ್ದವು, ಪೊಟರೆ ಇದ್ದವು. ಬೆಂಕಿಯಿಂದ ಹೊಸದಾಗಿ ಸತ್ತ ಮರಕ್ಕೆ ಕಾಂಡಕೊರಕ ಬಂದು ಮರಕುಟಿಗಕ್ಕೆ ಊಟವಾಗುವುದು ನಿಜ, ಆದರೆ ಹಳೆಯ ಪೊಟರೆಯ ಬದಲಿಗೆ ಅದು ಸಲ್ಲದು. ಎಚ್ಚರಿಕೆ: ಬೆಂಕಿಯಾದ ಮೇಲೆ ಹೊಗೆಯಾಡುವ ಮರದ ಕೆಳಗೆ ನಿಲ್ಲಬೇಡಿ.

ಲಂಟಾನ ಸುಟ್ಟುಹೋಯಿತು ಅಂತ ಸಮಾಧಾನವೂ ಬೇಡ. ಬುಡದಿಂದ ಮತ್ತೆ ಚಿಗುರುತ್ತದೆ, ಹಣ್ಣು ತಿಂದ ಪಿಕಳಾರ ಬೀಜ ಹರಡುತ್ತದೆ. ಹಾಗಾಗಿ ಎಣಿಕೆ ಮೂರು ಸಲ ಆಗಲೇಬೇಕು: ಬೆಂಕಿಯಾದ ತಿಂಗಳೊಳಗೆ, ಮೇ ತಿಂಗಳ ಮಳೆ ಬಿದ್ದ ಮೇಲೆ, ಅಕ್ಟೋಬರಿನಲ್ಲಿ. ಸಾಧ್ಯವಾದರೆ ಮುಂದಿನ ವರ್ಷ ಅದೇ ವಾರಗಳಲ್ಲಿ.

ಮುತ್ತುಗದ_ಹೂ: ದಾರಿ ಸುಲಭ ಅಂತ ಬೆಂಕಿ ರೇಖೆಯ (ಬೆಂಕಿ ಹರಡದಂತೆ ಬೋಳು ಮಾಡಿದ ಪಟ್ಟಿಯ) ಪಕ್ಕ ಬಿಂದು ಇಡಬಹುದೇ?

ಎಣಿಕೆಗಾರ: ಬೇಡ. ರೇಖೆಯನ್ನು ವರ್ಷವೂ ಸವರಿ ಸುಡುತ್ತಾರೆ. ಅಲ್ಲಿ ಯಾವಾಗಲೂ ಬಯಲಿನ ಹಕ್ಕಿಯೇ ಸಿಗುತ್ತದೆ. ಕನಿಷ್ಠ 100 ಮೀಟರ್ ಒಳಗೆ ಹೋಗಿ.