ಸಹಾಯ ಬೇಕು: ಜಾರುತ್ತಿರುವುದು ಲೇಸರ್ ಕಿರಣವೋ, ಕ್ಯಾಮೆರಾವೋ?

ಎಲ್ಲರಿಗೂ ನಮಸ್ಕಾರ. ಕುಂಬಳೆ ಕಡೆಯ ಒಂದು ಕಾಲೇಜಿನಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಹೀಲಿಯಂ-ನಿಯಾನ್ ಲೇಸರ್ ಕಿರಣದ (632.8 ನ್ಯಾನೋಮೀಟರ್) ದಿಕ್ಕು ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಎಂದು ಅಳೆಯುವುದು ನನ್ನ ಪ್ರಾಜೆಕ್ಟ್.

500 ಮಿಲಿಮೀಟರ್ ಫೋಕಲ್ ಲೆಂತ್‌ನ ಲೆನ್ಸ್, ಸರಿಯಾಗಿ ಅದರ ಫೋಕಸ್‌ನಲ್ಲಿ ಕ್ಯಾಮೆರಾ. ಅಲ್ಲಿ ಕಿರಣ ಸುಮ್ನೆ ಪಕ್ಕಕ್ಕೆ ಸರಿದರೆ ಚುಕ್ಕೆ ಕದಲುವುದಿಲ್ಲ, ಓರೆಯಾದರೆ ಮಾತ್ರ ಕದಲುತ್ತದೆ. ಪಿಕ್ಸೆಲ್ ಅಗಲ 5 ಮೈಕ್ರೋಮೀಟರ್. ಅಂದರೆ ಚುಕ್ಕೆ ಒಂದು ಪಿಕ್ಸೆಲ್ ಸರಿದರೆ ಕಿರಣ 10 ಮೈಕ್ರೋರೇಡಿಯನ್ (ಕೋನದ ಅಳತೆ) ಓರೆಯಾಗಿದೆ ಎಂದರ್ಥ. ಪ್ರತಿ ಫ್ರೇಮಿನಲ್ಲೂ ಚುಕ್ಕೆಯ ಸೆಂಟ್ರಾಯ್ಡ್ (ಬೆಳಕಿನ ಸರಾಸರಿ ಕೇಂದ್ರ) ತೆಗೆಯುತ್ತೇನೆ.

ಫ್ಯಾನ್ ಆಫ್ ಮಾಡಿ, ಕಿರಣದ ದಾರಿಗೆ ರಟ್ಟಿನ ಕೊಳವೆ ಹಾಕಿದ ಮೇಲೆ ನಡುಕ ತುಂಬಾ ಕಡಿಮೆಯಾಯಿತು. ರೈಲು ಹೋಗುವಾಗಿನ ಫ್ರೇಮುಗಳನ್ನು ಬೇರೆ ಇಟ್ಟೆ. ಕತ್ತಲೆ ಫ್ರೇಮ್ (ಬೆಳಕು ಬೀಳದಂತೆ ಮುಚ್ಚಿ ತೆಗೆದ ಚಿತ್ರ) ಕಳೆದೂ ಲೆಕ್ಕ ಹಾಕಿದೆ. ಲೇಸರ್ ಚೆನ್ನಾಗಿ ಬಿಸಿಯಾಗುವ ತನಕ ಕಾದೂ ನೋಡಿದೆ. ಆದರೂ ಚುಕ್ಕೆ ನಿಧಾನವಾಗಿ ಕೆಳಕ್ಕೆ ಜಾರುತ್ತಲೇ ಇರುತ್ತದೆ, ಯಾವಾಗಲೂ ಕೆಳಕ್ಕೇ.

ಸಿಕ್ಕಿಕೊಂಡಿರುವುದು ಇಲ್ಲಿ. ಕ್ಯಾಮೆರಾ ಮುಟ್ಟಿದರೆ ಅದೂ ಬಿಸಿ. ಬಿಸಿಗೆ ಅದರ ಸ್ಟ್ಯಾಂಡ್ ಸ್ವಲ್ಪ ಹಿಗ್ಗಿ ಕ್ಯಾಮೆರಾ ಮೇಲೇರಿದರೂ ಗ್ರಾಫ್ ಹೀಗೇ ಬರುತ್ತದೆ ಅಲ್ವಾ? ಐಎಸ್ಒ 11670 (ಲೇಸರ್ ಕಿರಣದ ಸ್ಥಿರತೆ ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ದಿಕ್ಕಿನ ಸ್ಥಿರತೆಯನ್ನು ಸ್ಟ್ಯಾಂಡರ್ಡ್ ಡೀವಿಯೇಶನ್‌ನ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಲೆಕ್ಕ) ಎರಡು ಪಟ್ಟಾಗಿ ಹೇಳಬೇಕು. ಸ್ಟ್ಯಾಂಡಿನ ಜಾರಾಟವೂ ಅದರಲ್ಲಿ ಸೇರಿದರೆ ಅದು ಲೇಸರಿನ ಸಂಖ್ಯೆಯೇ ಅಲ್ಲ.

ಆಪ್ಟಿಕಲ್ ಫೈಬರ್ (ಬೆಳಕು ಸಾಗಿಸುವ ತೆಳು ಎಳೆ) ತುದಿಯ ಬೆಳಕನ್ನು ನೇರ ಕಿರಣ ಮಾಡಿ, ಅದೇ ಲೆನ್ಸ್ ಮೂಲಕ ಅದೇ ಕ್ಯಾಮೆರಾಕ್ಕೆ ಬಿಟ್ಟು, ಎರಡು ಚುಕ್ಕೆಗಳ ವ್ಯತ್ಯಾಸ ತೆಗೆಯೋಣ ಅಂತಿದ್ದೇನೆ; ಕ್ಯಾಮೆರಾ ಸರಿದರೆ ಎರಡೂ ಒಟ್ಟಿಗೇ ಸರಿಯುತ್ತವಲ್ಲ. ಆದರೆ ಫೈಬರಿನ ಹೋಲ್ಡರೇ ಜಾರಿದರೆ?

ಇಂಥ ಅಳತೆ ಮಾಡಿದವರು ದಯವಿಟ್ಟು ಹೇಳಿ: ಲೇಸರಿನ ಜಾರಾಟವನ್ನೂ ಕ್ಯಾಮೆರಾ ಸ್ಟ್ಯಾಂಡಿನ ಜಾರಾಟವನ್ನೂ ಬೇರೆ ಮಾಡಲು ಈ ಫೈಬರ್ ದಾರಿ ಸಾಕೇ, ಅಥವಾ ಕಾಲೇಜ್ ಲ್ಯಾಬಿನಲ್ಲೇ ಆಗುವ ಬೇರೆ ಉಪಾಯ ಇದೆಯೇ?