‘ಬ್ರೇಕ್ ಸೋತಿತು’ ಅನ್ನಬಹುದೇ?

ಗೆಳೆಯರೇ,

ಇಳಿಜಾರಿನಲ್ಲಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿದರೆ ಅದು ಬಿಸಿಯಾಗಿ ಹಿಡಿತ ಕಮ್ಮಿಯಾಗುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ? ಇಂಗ್ಲಿಷಿನವರು ‘ಬ್ರೇಕ್ ಫೇಡ್’ ಅಂತಾರೆ. ನಮ್ಮಲ್ಲಿ ಎಲ್ಲದಕ್ಕೂ ‘ಬ್ರೇಕ್ ಫೇಲ್’. ಪತ್ರಿಕೆಗೆ ಬಂದರೆ ‘ಬ್ರೇಕ್ ವೈಫಲ್ಯ’. ಪೈಪ್ ಒಡೆದು ಆಯಿಲ್ ಸೋರಿದರೂ ಅದೇ ಮಾತು, ಘಾಟಿಯಲ್ಲಿ ಪ್ಯಾಡ್ ಸುಟ್ಟ ವಾಸನೆ ಬಂದರೂ ಅದೇ ಮಾತು. ಎರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ರಿಪೇರಿ ಆಗಲೇಬೇಕು. ಎರಡನೆಯದು ಗಾಡಿ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ತಣಿಯಲು ಬಿಟ್ಟರೆ ಹೆಚ್ಚಾಗಿ ತಾನೇ ಸರಿಹೋಗುತ್ತದೆ.

ಪ್ರಶ್ನೆ ಹುಟ್ಟಿದ್ದು ನನ್ನ ಅಕ್ಕನ ಮಗನ ದೆಸೆಯಿಂದ. ಇಲ್ಲೇ ಮಂಗಳೂರಿನಲ್ಲಿದ್ದಾನೆ, ಅವನ ಹತ್ತಿರ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಇದೆ. ಅದೇ ಕಾರಿನ ಜೋರಿನ ಮಾದರಿ ಆರ್‌ಎಸ್‌ನ ದೊಡ್ಡ ಡಿಸ್ಕ್ ಹಾಕಿಸುವ ಹುಚ್ಚು ಅವನಿಗೆ. “ಏನೇನು ಬದಲಾಗ್ತದೆ ಅಂತ ಕನ್ನಡದಲ್ಲಿ ಬರೆದು ಕೊಡಿ ಮಾಮ, ಗ್ಯಾರೇಜಿನವರಿಗೆ ತೋರಿಸ್ತೇನೆ” ಅಂದ. ಭಾಗಗಳ ಹೆಸರಿಗೆ ಏನೂ ತೊಂದರೆ ಇಲ್ಲ. ಗಾಲಿಯ ಜೊತೆ ತಿರುಗುವ ತಟ್ಟೆ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಪ್ಯಾಡ್, ಪ್ಯಾಡನ್ನು ಒತ್ತುವ ಕ್ಯಾಲಿಪರ್, ಕ್ಯಾಲಿಪರನ್ನು ಕೂರಿಸುವ ಬ್ರಾಕೆಟ್, ಆಮೇಲೆ ರಿಮ್. ಇವಕ್ಕೆ ಕನ್ನಡ ಹುಡುಕಲು ಹೋದರೆ ಸಾಮಾನು ಸಿಗುವುದಿಲ್ಲ, ಅಷ್ಟೆ. ತಕರಾರು ಇರುವುದು ಕ್ರಿಯಾಪದದಲ್ಲಿ.

‘ಅಪ್‌ಗ್ರೇಡ್’ ವಿಷಯ ಬೇಗ ಮುಗಿಸುತ್ತೇನೆ. ‘ಮೇಲ್ದರ್ಜೆಗೇರಿಸು’ ಅನ್ನುವುದು ಆಸ್ಪತ್ರೆಗೆ, ರಸ್ತೆಗೆ ಸರಿ. ಬ್ರೇಕನ್ನು ಮೇಲ್ದರ್ಜೆಗೇರಿಸಿದರೆ ಟೇಪು ಕತ್ತರಿಸಲು ಶಾಸಕರನ್ನೂ ಕರೆಯಬೇಕಾದೀತು. ‘ದೊಡ್ಡ ಡಿಸ್ಕ್ ಹಾಕಿಸಿದೆ’ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ?

ಇನ್ನು ‘ಹಿಡಿ’. ಇದೊಂದು ವಿಚಿತ್ರ ಪದ. “ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ” ಅಂದರೆ ಹೊಗಳಿಕೆ. “ಬ್ರೇಕ್ ಹಿಡ್ಕೊಂಡಿದೆ” ಅಂದರೆ ಕಾಯಿಲೆ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ಹೊರಗೆ ನಿಂತರೆ ನಮ್ಮ ಉಪ್ಪುಗಾಳಿಗೆ ಡಿಸ್ಕಿನ ಮೇಲೆ ಕೆಂಪಗೆ ತುಕ್ಕು ಹಿಡಿಯುತ್ತದೆ, ಪ್ಯಾಡ್ ಅದಕ್ಕೆ ಅಂಟಿಕೊಳ್ಳುತ್ತದೆ, ಗಾಡಿ ಕದಲುವುದಿಲ್ಲ. ಆಯಿಲ್ ಪೈಪಿನಲ್ಲಿ ಗಾಳಿ ಸೇರಿದರೆ “ಏರ್ ಹಿಡಿದಿದೆ”. ಗ್ಯಾರೇಜಿನಲ್ಲಿ ಅದನ್ನು ‘ಏರ್ ತೆಗೆದು’ ಸರಿಮಾಡುತ್ತಾರೆ. ಒಂದೇ ‘ಹಿಡಿ’ ಎಷ್ಟು ಕೆಲಸ ಮಾಡುತ್ತದೆ ನೋಡಿ. ತುಳುವಿನಲ್ಲೂ ಹಾಗೇ: ಬ್ರೇಕ್ ಹಿಡಿಯದಿದ್ದರೆ ‘ಬ್ರೇಕ್ ಪತ್ತುಜಿ’. ಬ್ರೇಕ್ ಹಾಕು ಅನ್ನಲು ತುಳುವಿನಲ್ಲಿ ‘ಬ್ರೇಕ್ ಪಾಡ್’ ಅಂತಾರೆ. ಅದನ್ನು ಕೇಳಿ ಹೊರಗಿನ ಊರಿನವರು ಪ್ಯಾಡ್ ಸವೆದಿದೆ ಅಂದುಕೊಂಡರೆ ಅವರದ್ದು ತಪ್ಪಲ್ಲ.

‘ಹಿಡಿ’ ಒಂದನ್ನೇ ನೆಚ್ಚಿಕೊಂಡರೆ ದೊಡ್ಡ ಡಿಸ್ಕಿನ ಲಾಭವನ್ನು ಸರಿಯಾಗಿ ಹೇಳಲು ಆಗುವುದಿಲ್ಲ. ಲೆಕ್ಕ ಹೀಗಿದೆ. 288 ಮಿ.ಮೀ. ಡಿಸ್ಕ್ ಇರುವ ಆಕ್ಟೇವಿಯಾಕ್ಕೆ 312 ಮಿ.ಮೀ. ಡಿಸ್ಕ್ ಹಾಕುವಾಗ ಕ್ಯಾಲಿಪರ್ ಅದೇ ನಡೆಯುತ್ತದೆ. ಎರಡೂ ಡಿಸ್ಕಿನ ದಪ್ಪ 25 ಮಿ.ಮೀ. ಬ್ರಾಕೆಟ್ ಮಾತ್ರ ಬೇರೆ ಬೇಕು. ಅದು ಕ್ಯಾಲಿಪರನ್ನು 12 ಮಿ.ಮೀ. ಹೊರಕ್ಕೆ ತಂದು ಕೂರಿಸುತ್ತದೆ. ಒತ್ತುವ ಬಲ ಅಷ್ಟೇ, ಹಿಡಿಯುವ ಜಾಗ ಗಾಲಿಯ ನಡುವಿನಿಂದ ದೂರ. ಬಾವಿಯ ರಾಟೆಯನ್ನು ಅಂಚಿನಲ್ಲಿ ಹಿಡಿದು ನಿಲ್ಲಿಸುವುದು ಸುಲಭ ಅಲ್ವಾ, ಹಾಗೆ. 15 ಇಂಚಿನ ರಿಮ್ಮಿನೊಳಗೆ ಇದು ಕೂರುವುದಿಲ್ಲ, 16 ಬೇಕು. ಡಿಕ್ಕಿಯಲ್ಲಿರುವ 15ರ ಸ್ಟೆಪ್ನಿ ಮುಂದಿನ ಗಾಲಿಗೆ ಆಗುವುದಿಲ್ಲ. ರಾತ್ರಿ ಪಂಕ್ಚರ್ ಆಗುವವರೆಗೂ ಇದು ಯಾರಿಗೂ ನೆನಪಾಗುವುದಿಲ್ಲ.

ಹಾಗಾದರೆ ಗಾಡಿ ಬೇಗ ನಿಲ್ಲುತ್ತದೆಯೇ? ಒಂದೇ ಸಲ ಜೋರಾಗಿ ಒತ್ತಿದರೆ ಹೆಚ್ಚೇನೂ ವ್ಯತ್ಯಾಸ ಇಲ್ಲ. ಗಾಲಿ ತಿರುಗದೆ ಜಾರುವುದನ್ನು ತಡೆಯುವ ಎಬಿಎಸ್ ಎದ್ದು ಕೂರುವಷ್ಟು ಹಿಡಿತ ಹಳೇ ಡಿಸ್ಕಿಗೂ ಇದೆ. ಅಲ್ಲಿಂದ ಮುಂದೆ ಟೈರು ಮತ್ತು ರಸ್ತೆ ನೋಡಿಕೊಳ್ಳಬೇಕು. ದೊಡ್ಡ ಡಿಸ್ಕಿನ ನಿಜವಾದ ಉಪಯೋಗ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ. ಹದಿನಾಲ್ಕು ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ಕಾಲು ಬ್ರೇಕಿನ ಮೇಲೆ. ದೊಡ್ಡ ಡಿಸ್ಕಿನಲ್ಲಿ ಕಬ್ಬಿಣ ಜಾಸ್ತಿ, ಗಾಳಿ ಆಡುವ ಜಾಗ ಜಾಸ್ತಿ. ಅಷ್ಟೇ ಬಿಸಿಗೆ ಅದು ಅಷ್ಟು ಬೇಗ ಕೆಂಪಗಾಗುವುದಿಲ್ಲ. ಅಂದರೆ ಅದು ಜಾಸ್ತಿ ಹಿಡಿಯುತ್ತದೆ ಅನ್ನುವುದಕ್ಕಿಂತ ಜಾಸ್ತಿ ತಾಳುತ್ತದೆ.

‘ತಾಳು’ ಸಿಕ್ಕಿದ ಮೇಲೆ ಅದರ ಎದುರು ಮಾತು ತಾನಾಗಿ ಬಂತು: ‘ಸೋಲು’. ನಡೆದು ನಡೆದು ಕಾಲು ಸೋಲುತ್ತದೆ, ರುಬ್ಬಿ ರುಬ್ಬಿ ಕೈ ಸೋಲುತ್ತದೆ. ಕಾಲು ಮುರಿದಿಲ್ಲ, ಕೈಗೆ ಪೆಟ್ಟಾಗಿಲ್ಲ. ಕೂತು ಸುಧಾರಿಸಿಕೊಂಡರೆ ಸರಿಹೋಗುತ್ತದೆ. ಕಾದ ಬ್ರೇಕಿನ ಸ್ಥಿತಿಯೂ ಇದೇ ತಾನೇ? “ಘಾಟಿ ಇಳಿಯುವಾಗ ಬ್ರೇಕ್ ಸೋತಿತು” ಎಂದು ಬರೆದು ನೋಡಿದೆ. ಹುಡುಗನಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ.

ಒಂದು ತೊಡಕಿದೆ. ಸೋಲುವುದರಲ್ಲೂ ಎರಡು ಬಗೆ. ಪ್ಯಾಡ್ ಕಾದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಬೇಕು. ಆದರೆ ಅದು ಗಾಳಿಯ ನೀರಿನಂಶ ಹೀರುತ್ತದೆ. ಹಾಗೆ ನೀರು ಸೇರಿದ ಆಯಿಲ್‌ಗೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ನಮ್ಮ ಕರಾವಳಿಯ ಹವೆಯಲ್ಲಿ ಎಷ್ಟು ದೊಡ್ಡ ಡಿಸ್ಕ್ ಹಾಕಿಸಿದರೂ ಆಯಿಲ್ ಬದಲಿಸದಿದ್ದರೆ ದುಡ್ಡು ದಂಡ. ಪ್ಯಾಡ್ ಕಾಯುವ ಮೊದಲಿನ ಬಗೆಗೆ ‘ಸೋಲು’ ಚೆನ್ನಾಗಿ ಒಪ್ಪುತ್ತದೆ. ಎರಡನೆಯದಕ್ಕೂ ಅದೇ ಸಾಕೋ, ‘ಪೆಡಲ್ ಇಳಿಯಿತು’ ಎಂದು ಬಿಡಿಸಿ ಹೇಳಬೇಕೋ? ನನ್ನ ಮನಸ್ಸು ಬಿಡಿಸಿ ಹೇಳುವ ಕಡೆಗೇ ಇದೆ. ಹಾಗೆ ಹೇಳಿದರೆ ಮೆಕ್ಯಾನಿಕ್ ಸೀದಾ ಆಯಿಲ್ ಡಬ್ಬಿಗೇ ಕೈಹಾಕುತ್ತಾನೆ.

ಬ್ರೇಕಿಗೆ ‘ಬಿರಿ’ ಎಂಬ ಅಚ್ಚಗನ್ನಡ ಮಾತು ಇದೆಯಲ್ಲ ಎಂದು ಯಾರಾದರೂ ಕೇಳುತ್ತೀರಿ, ಗೊತ್ತು. ಗಾಡಿಯ ಬಿರಿ, ಒಳ್ಳೆಯ ಪದವೇ. ಆದರೆ ವಿಪರೀತ ಕಾದು ತಣಿದು ಡಿಸ್ಕ್ ಬಿರುಕು ಬಿಡುವುದೂ ಉಂಟು. ಆಗ “ಬಿರಿ ಬಿರಿಯಿತು” ಎಂದು ಬರೆಯಬೇಕಾಗುತ್ತದೆ. ಆ ಧೈರ್ಯ ನನಗಿಲ್ಲ.

ಈಗ ನಿಮ್ಮನ್ನು ಕೇಳುವುದು ಇಷ್ಟು. ಚಾರ್ಮಾಡಿ, ಶಿರಾಡಿ, ಆಗುಂಬೆಯಲ್ಲಿ ಬಸ್ಸು ಲಾರಿ ಓಡಿಸುವವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಇರಲೇಬೇಕು. ನಾನು ವಿಚಾರಿಸಿದ ಒಬ್ಬ ಹಳೇ ಬಸ್ ಡ್ರೈವರ್ ಕೊಟ್ಟ ಉತ್ತರ: “ಬ್ರೇಕ್ ಉಂಟು ಮಾರಾಯ್ರೆ, ಆದ್ರೆ ಹಿಡಿಯುದಿಲ್ಲ. ಎರಡನೇ ಗೇರಲ್ಲಿ ಇಳಿದ್ರೆ ಆ ಪ್ರಶ್ನೆಯೇ ಬರುದಿಲ್ಲ.” ಸಲಹೆ ಚಿನ್ನದಂಥದ್ದು, ಪದ ಮಾತ್ರ ಸಿಗಲಿಲ್ಲ. ಘಟ್ಟದ ಮೇಲಿನವರು, ಮಲೆನಾಡಿನವರು ಏನಂತೀರಿ? ‘ಬ್ರೇಕ್ ಬಿಟ್ಟಿತು’, ‘ಬ್ರೇಕ್ ಸತ್ತಿತು’ ಎಂಬ ಬಳಕೆ ಕೇಳಿದವರಿದ್ದರೆ, ಅದು ಕಾದ ಬ್ರೇಕಿಗೋ ಕೆಟ್ಟ ಬ್ರೇಕಿಗೋ ಎಂಬುದನ್ನೂ ಸೇರಿಸಿ ಬರೆಯಿರಿ.