ಗಾಳಿಪಟ 2ರಲ್ಲಿ ರಾಜೇಶ್ ಕೃಷ್ಣನ್ ಇರಬೇಕಿತ್ತು, ಅಲ್ವಾ?

ಪ್ರಶ್ನೆ: 2008ರ ‘ಗಾಳಿಪಟ’ ಸಿನಿಮಾದ ಜೀವ ಇದ್ದದ್ದೇ ಗಣೇಶ್, ದಿಗಂತ್, ರಾಜೇಶ್ ಕೃಷ್ಣನ್ ಅವರ ಗೆಳೆತನದಲ್ಲಿ. 2022ರಲ್ಲಿ ಬಂದ ಎರಡನೆಯದರಲ್ಲಿ ಮೂರನೇ ಗೆಳೆಯ ಪವನ್ ಕುಮಾರ್. ಡೈಸಿ ಬೋಪಣ್ಣ, ನೀತು, ಭಾವನಾ ರಾವ್ ಕೂಡ ಇಲ್ಲ. ರಾಜೇಶ್ ಇಲ್ಲದ್ದು ನನಗೆ ನಿಜಕ್ಕೂ ಬೇಜಾರಾಯಿತು. ನಿಮಗೆ?

ಉತ್ತರ: ಇದು ಹಳೆಯ ಕಥೆಯ ಮುಂದುವರಿಕೆ ಅಲ್ಲ. ಪಾತ್ರಗಳೇ ಬೇರೆ. ಹಳೆಯ ನಾಯಕಿಯರನ್ನು ಸುಮ್ನೆ ತಂದು ಕೂರಿಸೋಕಾಗಲ್ಲ. ನಿರ್ದೇಶಕ ಯೋಗರಾಜ್ ಭಟ್ಟರ ಜೊತೆ ಅನಂತ್ ನಾಗ್ ಮತ್ತೆ ಬಂದರಲ್ಲ! ಅವರು ಕನ್ನಡ ಮೇಷ್ಟ್ರಾಗಿರುವ ಭಾಗ ನನಗೆ ಮೊದಲ ಸಿನಿಮಾಕ್ಕಿಂತ ಜಾಸ್ತಿ ಇಷ್ಟ.

ಇನ್ನೊಂದು ಉತ್ತರ: ಪವನ್ ‘ಲೂಸಿಯಾ’ ನಿರ್ದೇಶಕರು. ನಟನೆಯೂ ಚೆನ್ನಾಗಿದೆ.

ಪ್ರಶ್ನೆ ಕೇಳಿದವರು: ಮೇಷ್ಟ್ರ ಭಾಗ ನನಗೂ ಇಷ್ಟ. ಪವನ್ ಬಗ್ಗೆ ದೂರಿಲ್ಲ. ಆದರೆ ‘ಗಾಳಿಪಟ’ ಅನ್ನೋ ಹೆಸರು ಇಟ್ಟ ಮೇಲೆ ಆ ಮೂವರನ್ನೇ ಹುಡುಕುತ್ತೇವೆ.